ಈರಜ್ಜನ ಕಿವಿಗೆ ಒಂದು ಟ್ಯಾಂಕು

ಆಯುಧಪೂಜೆಯ ದಿನ ಲಾರಿಯ ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದು ಒಡೆದಾಗ ಬರುವ ವಾಸನೆ ಎಲ್ಲರಿಗೂ ಹಬ್ಬದ ವಾಸನೆ. ಅದಕ್ಕೆ ಒಂದಿಷ್ಟು ಪೆಟ್ರೋಲಿನ ವಾಸನೆಯೂ ಸೇರಿಕೊಂಡರೆ ನನಗೆ ಮಾತ್ರ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ. ಹೋದ ಸಲ ಮಧುಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಹಾಗೇ ಆಯಿತು. ಪಕ್ಕದಲ್ಲಿದ್ದ ಯಾರೋ "ಸೋಡಾ ಕುಡೀರಿ ಯಜಮಾನ್ರೇ, ಪಿತ್ತ ಇರ್ಬೇಕು" ಅಂದರು. ಪಿತ್ತವಲ್ಲ. ಎಂಬತ್ತರ ದಶಕದ ಒಂದು ದಸರಾ ನನ್ನೊಳಗೆ ಇನ್ನೂ ಕರಗದೆ ಕೂತಿದೆ, ಅಷ್ಟೆ.

ನನ್ನೂರು ಪುರವರ. ಕಸುಬು ಕಲಿತದ್ದು ಮಧುಗಿರಿಯಲ್ಲಿ, ಇನ್ನೊಬ್ಬರ ಅಂಗಡಿಯ ನೆಲ ಗುಡಿಸಿಕೊಂಡು. ಶಿರಾಕ್ಕೆ ಬಂದು ರೇಡಿಯೋ ರಿಪೇರಿಯ ಮಳಿಗೆ ತೆರೆದಾಗ ನನ್ನ ಬಳಿ ಇದ್ದದ್ದು ಒಂದು ಸೋಲ್ಡ್ರಿಂಗ್ ಐರನ್ನು ಮತ್ತು 'ಗ್ಯಾರಂಟಿ' ಎಂಬ ಒಂದು ಮಾತು. ಸಣ್ಣ ಅಂಗಡಿ ಇಡುವವರು ಇದನ್ನು ನೆನಪಿಟ್ಟುಕೊಳ್ಳಿ: ಬೆಲೆಯಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಗ್ಯಾರಂಟಿ ಎಂದು ಒಮ್ಮೆ ಅಂದ ಮೇಲೆ ಎಳೆದಾಡಬೇಡಿ. ಆ ಮಾತು ಹೋದರೆ ಅಂಗಡಿಯ ಬೋರ್ಡು ಬರೀ ತಗಡು.

ಆ ವರ್ಷ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಬರಗೂರಿನ ಚಿಕ್ಕಣ್ಣ ಅಂಗಡಿಗೆ ಬಂದ. ಕುರಿ ಸಾಕುವ ಮನೆತನದವನು. ಮೀಸೆ ಮೂಡುವ ವಯಸ್ಸಿಗೇ ಮಂದೆ ಬಿಟ್ಟು ಮಿಲಿಟರಿ ಸೇರಿ, ಟ್ಯಾಂಕಿನ ಡ್ರೈವರಾಗಿ, ಎಪ್ಪತ್ತೊಂದರ ಯುದ್ಧವನ್ನೂ ಕಂಡು, ಪೆನ್ಶನ್ ತೆಗೆದುಕೊಂಡು ಊರಿಗೆ ಮರಳಿದ್ದ. ಟ್ಯಾಂಕಿನ ಎಂಜಿನ್ನೂ ತೋಪೂ ಸೇರಿ ಅವನ ಎರಡು ಕಿವಿಯನ್ನೂ ತಿಂದು ಹಾಕಿದ್ದವು. ಎದುರು ನಿಂತು ಬಾಯಿ ಅಗಲಿಸಿ ಹೇಳಿದರೆ ತುಟಿ ನೋಡಿ ಅರ್ಧ ತಿಳಿಯುತ್ತಿದ್ದ. ಬೆನ್ನ ಹಿಂದೆ ಸಿಡಿಲು ಬಡಿದರೂ ಗೊತ್ತಾಗುತ್ತಿರಲಿಲ್ಲ. ತನಗೆ ಕೇಳಿಸದ ಕಾರಣ ಅವನು ಏನೇ ಮಾತಾಡಿದರೂ ಇಡೀ ಬಜಾರಿಗೆ ಕೇಳಿಸುತ್ತಿತ್ತು.

"ರಂಗಣ್ಣಾ, ಆ ಮೇಲಿನ ಹಲಗೇ ಮ್ಯಾಗೆ ಐತಲ್ಲ ಟ್ಯಾಂಕು, ಅದು ಓಡ್ತದಾ?"

ಅದು ಮೊಳದುದ್ದದ ಆಟದ ಟ್ಯಾಂಕು. ಕೈಯಲ್ಲಿ ಹಿಡಿಯುವ ಡಬ್ಬಿಯ ಏರಿಯಲ್ ಎಳೆದು ಗುಂಡಿ ಒತ್ತಿದರೆ ತಂತಿಯ ಹಂಗಿಲ್ಲದೆ ದೂರದಲ್ಲಿ ಓಡಬೇಕಾದದ್ದು. ಸೈಕಲ್ ಅಂಗಡಿಯ ಬಾಬಾಜಾನ್ ಸಾಬರ ಭಾವಮೈದುನ ಕುವೈತಿನಿಂದ ತಂದದ್ದು, ಬಂದ ವಾರಕ್ಕೇ ಕೆಟ್ಟು ಕೂತಿತ್ತು. ನಾನು ಒಂದು ಹಳೆಯ ಮೂರು ಬ್ಯಾಂಡಿನ ರೇಡಿಯೋ ಕೊಟ್ಟು ಅದನ್ನು ಬದಲಿಗೆ ತೆಗೆದುಕೊಂಡಿದ್ದೆ. "ಅರೆ ರಂಗಣ್ಣ, ಫಾರಿನ್ ಮಾಲು!" ಅಂತ ಸಾಬರು ಬಾಯಿ ಬಡಿದುಕೊಂಡಿದ್ದರು. "ಫಾರಿನ್ನೇ ಸಾಬ್ರೇ, ಇಲ್ಲ ಅಂದ್ನಾ? ಸತ್ತ್ ಕುದುರೆ ಅರಬ್ಬೀದಾದ್ರೂ ಜಟಕಾ ಎಳೆಯಲ್ಲ" ಅಂದಿದ್ದೆ. ವ್ಯಾಪಾರ ಅಲ್ಲಿಗೆ ಮುಗಿದಿತ್ತು.

ಕಿವಿ ಕೇಳದವನಿಗೆ ಆಟದ ಟ್ಯಾಂಕು ಯಾಕೆ ಎಂದು ನಾನು ಕೈಸನ್ನೆಯಲ್ಲಿ ಕೇಳಿದೆ. ಚಿಕ್ಕಣ್ಣ ಸ್ಟೂಲು ಎಳೆದುಕೊಂಡು ಕೂತು, ಬಜಾರಿಗೆಲ್ಲ ಕೇಳುವಂತೆ ಮನೆಯ ಗುಟ್ಟು ಹೇಳಿದ.

ಅವನ ಅಪ್ಪ ಈರಜ್ಜನಿಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಮಗ ಕಿವುಡನಾಗಿದ್ದಾನೆ ಎಂದರೆ ಆತ ನಂಬನು. ಕಿವುಡು ಹುಟ್ಟಿನಿಂದ ಬರಬೇಕು, ಇಲ್ಲ ಮುಪ್ಪಿನಲ್ಲಿ ಬರಬೇಕು, ಗಟ್ಟಿಮುಟ್ಟಾದ ಗಂಡಸಿಗೆ ಗಾಡಿ ಓಡಿಸಿದ್ದಕ್ಕೆ ಬರುತ್ತದೆಯೇ? ಹಗಲಲ್ಲಿ ತುಟಿ ನೋಡಿ ಉತ್ತರ ಕೊಡುವ ಮಗ, ಹೊತ್ತು ಮುಳುಗಿದ ಮೇಲೆ ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲ. ಕುರುಡನಿಗೆ ಆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಮಿಲಿಟರಿಗೆ ಹೋಗಿ ಬಂದವನಿಗೆ ಸೊಕ್ಕು ಎಂದೇ ಆತ ತೀರ್ಮಾನಿಸಿದ್ದ. ಹೋದ ತಿಂಗಳು ಕುರಿದೊಡ್ಡಿಯಲ್ಲಿ ಎಡವಿ ಬಿದ್ದು ಸೊಂಟ ಹಿಡಿದುಕೊಂಡು "ಚಿಕ್ಕಾ, ಚಿಕ್ಕಾ" ಎಂದು ಅರಚಿದ್ದಾನೆ. ಮಗ ಬೇಲಿಯಾಚೆ ಬೆನ್ನು ತಿರುಗಿಸಿ ಬೀಡಿ ಸೇದುತ್ತ ಕೂತಿದ್ದಾನೆ. ಬೀಡಿಯ ವಾಸನೆ ಅಪ್ಪನ ಮೂಗಿಗೆ ಬಂದಿದೆ, ಅಪ್ಪನ ಕೂಗು ಮಗನ ಕಿವಿಗೆ ಹೋಗಿಲ್ಲ.

"ವಿಜಯದಶಮಿ ಬೆಳಗ್ಗೆ ಮೊದಲ್ನೇ ಬಸ್ಸಿಗೆ ಪಾವಗಡದ ತಾವ ನಮ್ಮಕ್ಕನ ಮನೀಗೆ ಓಯ್ತೀನಿ, ನನ್ ಹೆಣಾನೂ ಈ ಮನೆ ಬಾಗ್ಲಿಗೆ ಬರಾಕಿಲ್ಲ ಅಂತ ಕುಂತವ್ನೆ ಕಣಣ್ಣ" ಎಂದು ಚಿಕ್ಕಣ್ಣ ಮುಖ ಒರೆಸಿಕೊಂಡ. "ನನ್ ಬಾಯ್ ಮಾತು ನಂಬಲ್ಲ. ಕೈಯಾಗೆ ಮುಟ್ಟಿದ್ದು ನಂಬ್ತಾನೆ. ಕುರಿ ತಡವಿ ಇದು ಯಾವ್ ಕುರೀ ಮರಿ ಅಂತ ಹೇಳ್ತಾನೆ. ನಾನು ಓಡ್ಸಿದ್ದು ಎಂಥದು ಅಂತ ಅವನ ಕೈಗೆ ಒಂದ್ಸಲ ತೋರ್ಸ್ಬೇಕು. ಇದ್ನ ಓಡಂಗೆ ಮಾಡ್ಕೊಡ್ತೀಯಾ?"

ನಾನು ವ್ಯಾಪಾರಿ. ಬದಲಿಗೆ ಒಂದು ಕೈಮಗ್ಗದ ಕರಿಕಂಬಳಿ ಎಂದು ಕೇಳಿದೆ, ಅವನು ಒಪ್ಪಿದ. ಆಮೇಲೆ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಗ್ಯಾರಂಟಿ." ಅವನು ಅದನ್ನು ತುಟಿಯಿಂದಲೇ ಓದಿ ನಕ್ಕ. ಆ ನಗು ನೋಡಿದ ಗಳಿಗೆಯಿಂದ ನನಗೆ ಅನ್ನ ಸೇರಲಿಲ್ಲ. ರೇಡಿಯೋ ಹಾಡದಿದ್ದರೆ ಗಿರಾಕಿ ಬೈದು ಹೋಗುತ್ತಾನೆ. ಇದು ಕೈಕೊಟ್ಟರೆ ಒಬ್ಬ ಮುದುಕ ಮನೆಬಿಟ್ಟು ಹೋಗುತ್ತಾನೆ.

ಬಿಚ್ಚಿ ನೋಡಿದರೆ ಒಂದು ಮೋಟಾರು ಸುಟ್ಟಿತ್ತು, ರಬ್ಬರಿನ ಪಟ್ಟಿಗಳು ಹರಿದಿದ್ದವು. ಬೆಂಗಳೂರಿನ ಹಳೇ ಸಾಮಾನಿನ ಬಜಾರಿಗೆ ಹೋಗಿ ಅದಕ್ಕಿಂತ ಬಲವಾದ ಎರಡು ಮೋಟಾರು ಹುಡುಕಿ ತಂದೆ. ಹಳೇ ಮೋಟಾರು ಕೊಳ್ಳುವವರು ಮೊದಲು ಮೂಸಿ ನೋಡಿ. ಸುಟ್ಟದ್ದಾದರೆ ಬೆಲ್ಲ ಸೀದ ವಾಸನೆ ಬರುತ್ತದೆ, ಮಾರುವವನು ಎಷ್ಟೇ ಒರೆಸಿರಲಿ. ಹೆಚ್ಚಿಗೆ ಸೆಲ್ಲು ಹಿಡಿಯುವಂತೆ ಟ್ಯಾಂಕಿನ ಹೊಟ್ಟೆ ಅಗಲಿಸಿದೆ. ರಬ್ಬರು ಬರಗೂರಿನ ಕಲ್ಲುನೆಲಕ್ಕೆ ತಡೆಯದು. ಹಾಗಾಗಿ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಾಗಿಲ ಕೀಲಿನಂತೆ ಮಡಿಸಿ, ಬಾಬಾಜಾನ್ ಸಾಬರ ಅಂಗಡಿಯ ಸೈಕಲ್ ಕಡ್ಡಿಯ ತುಂಡು ತೂರಿಸಿ, ತಗಡಿನ ಸರಪಳಿ ಪಟ್ಟಿಗಳನ್ನೇ ಹೆಣೆದೆ. ಓಡಿತು. ಹಲ್ಲುಚಕ್ರಕ್ಕೆಲ್ಲ ಧಾರಾಳವಾಗಿ ಗ್ರೀಸು ತುಂಬಿ, ಒಂದು ಚೂರೂ ಸದ್ದಿಲ್ಲದಂತೆ ಮಾಡಿದೆ. ಸದ್ದಿಲ್ಲದ ಯಂತ್ರವೇ ಒಳ್ಳೆಯ ಯಂತ್ರ ಎಂಬುದು ನಮ್ಮ ಕಸುಬಿನ ಹೆಮ್ಮೆ.

ಚಿಕ್ಕಣ್ಣ ಬಂದು ನೋಡಿದ, ಮುಟ್ಟಿದ, ತಲೆ ಅಲ್ಲಾಡಿಸಿದ. "ಇದು ಪೆರೇಡ್ ಟ್ಯಾಂಕು ಕಣಣ್ಣ. ಹಸಿರು ಬಣ್ಣ ಮಿಣಮಿಣ ಅಂತೈತೆ. ನಾನು ಓಡ್ಸಿದ್ದು ಇಂಗಿರ್ಲಿಲ್ಲ."

ಹಳೆಯದನ್ನು ಹೊಸದರಂತೆ ಮಾಡಿ ಹೊಟ್ಟೆ ಹೊರೆದವನು ನಾನು. ಹೊಸದನ್ನು ಕೈಯಾರೆ ಹಳೆಯದು ಮಾಡು ಅಂದರೆ ಹೇಗೆ? ಆದರೂ ಮಾಡಿದೆ. ಅವನು ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸುತ್ತಿದ್ದ: ಇಲ್ಲಿ ಬೂಟಿಟ್ಟು ಹತ್ತುತ್ತಿದ್ದೆವು, ಬಣ್ಣ ಹೋಗಿ ಕಬ್ಬಿಣ ಕಾಣಬೇಕು, ಒಳಗಿಳಿಯುವ ಈ ಬಾಯಿಯ ಅಂಚು ಕೈ ಸವರಿ ಸವರಿ ನುಣುಪಾಗಿತ್ತು, ಇಲ್ಲಿ ಕಲ್ಲು ಬಡಿದು ತಗ್ಗಾಗಿತ್ತು. ನಾನು ಅರದಿಂದ ಉಜ್ಜಿದೆ, ಚಿಕ್ಕ ಸುತ್ತಿಗೆಯಿಂದ ತಗ್ಗು ಮಾಡಿದೆ. ಶಿರಾ ಕೆರೆಯ ಗೋಡುಮಣ್ಣು ತಂದು ಜಾಲಿಗೋಂದಿನಲ್ಲಿ ಕಲಸಿ ಕೆಳಭಾಗಕ್ಕೆಲ್ಲ ಮೆತ್ತಿ ಒಣಗಿಸಿದೆ. ಹೊಗೆ ಉಗುಳುವ ಕೊಳವೆಯ ಸುತ್ತ ಮಸಿ ಹಿಡಿದಿರಬೇಕು ಅಂದ. ನನ್ನಂಗಡಿಯಲ್ಲಿ ಸತ್ತ ಬ್ಯಾಟರಿ ಸೆಲ್ಲಿಗೇನು ಬರ? ಒಂದನ್ನು ಒಡೆದು ಒಳಗಿನ ಕಪ್ಪುಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಹಚ್ಚಿದೆ. ಊರ ಹುಡುಗರು ಅದೇ ಪುಡಿಯಲ್ಲಿ ಹಲಗೆಗೆ ಕಪ್ಪು ಬಳಿಯುತ್ತಿದ್ದರು. ಬಿಟ್ಟಿ ಸಿಗುವ ಮಸಿ ಅದು. ಕೊಳವೆ ಎಂದು ನಾನಂದುಕೊಂಡದ್ದು ಟ್ಯಾಂಕಿನ ಹೊಟ್ಟೆಗೆ ನೇರ ಇಳಿಯುವ ತೂತು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಆಯುಧಪೂಜೆಯ ಬೆಳಗ್ಗೆ ನನ್ನ ಹೆಂಡತಿ ಶಾರದ ಅಂಗಡಿಯ ಸ್ಕ್ರೂಡ್ರೈವರು, ಇಕ್ಕಳ, ಸೋಲ್ಡ್ರಿಂಗ್ ಐರನ್ನು ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿ ಅರಿಶಿನ ಕುಂಕುಮ ಇಟ್ಟಳು. ನಮ್ಮ ಕಡೆ ಒಮ್ಮೆ ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಗಾಗುವ ತನಕ ಎತ್ತುವಂತಿಲ್ಲ. ಗಾಡಿಗಳ ಲೆಕ್ಕ ಬೇರೆ: ಪೂಜೆಯಾದ ಮೇಲೆ ನಿಂಬೆಹಣ್ಣು ತುಳಿಸಿ ಒಂದು ಸುತ್ತು ಓಡಿಸಲೇಬೇಕು. ಟ್ಯಾಂಕೂ ಗಾಡಿಯೇ ತಾನೆ? ಅದರ ತಗಡಿನ ಪಟ್ಟಿಗಳ ಕೆಳಗೆ ಎರಡು ಪುಟ್ಟ ನಿಂಬೆಹಣ್ಣಿಟ್ಟು ಡಬ್ಬಿಯ ಗುಂಡಿ ಒತ್ತಿದೆ.

ನಿಂಬೆಹಣ್ಣು ಒಡೆಯಿತು. ಟ್ಯಾಂಕು ಮುಂದೆ ಹೋಯಿತು. ನಾನು ಗುಂಡಿ ಬಿಟ್ಟೆ, ಅದು ನಿಲ್ಲಲಿಲ್ಲ. ಎಡಕ್ಕೆ ಒತ್ತಿದರೆ ಬಲಕ್ಕೆ ತಿರುಗಿತು, ಗಿರಗಿರನೆ ಸುತ್ತಿ ಕುಂಕುಮದ ಬಟ್ಟಲು ಚೆಲ್ಲಿ, ಮಣೆಗೆ ಗುದ್ದಿ, ಗುದ್ದುತ್ತಲೇ ಇತ್ತು. ಶಾರದ "ಅಯ್ಯೋ, ಹಿಡ್ಕೊಳ್ರೀ!" ಎಂದು ಕೂಗಿದಳು. ಎತ್ತಿ ಹಿಡಿದೆ, ಕೈಯಲ್ಲೂ ಕೊಸರಾಡುತ್ತಿತ್ತು.

ಸೆಲ್ಲು ಕಿತ್ತ ಮೇಲೆ ಹೊಳೆಯಿತು. ಆ ಕಪ್ಪುಪುಡಿಯಲ್ಲಿ ಇಂಗಾಲ ಇದೆ, ಕರೆಂಟು ಹರಿಯುತ್ತದೆ. ತೂತಿನಿಂದ ಒಳಗಿಳಿದು ಬೋರ್ಡಿನ ಮೇಲೆ ಕೂತು ತಂತಿ ತಂತಿಗೆ ಗಂಟು ಹಾಕಿದೆ. ಬಿಚ್ಚಬೇಕು, ತೊಳೆಯಬೇಕು. ಸ್ಕ್ರೂಡ್ರೈವರು ಹೂ ಮುಡಿದು ಮಣೆಯ ಮೇಲೆ ಕೂತಿದೆ. ನಾನು ಮಧ್ಯಾಹ್ನದ ಬಸ್ಸಿಗೆ ಬರಗೂರಿಗೆ ಹೊರಡದಿದ್ದರೆ, ನಾಳೆ ಬೆಳಗ್ಗೆ ಈರಜ್ಜ ಹೊರಟುಬಿಡುತ್ತಾನೆ.

"ಒಂದೇ ಒಂದು ಸ್ಕ್ರೂಡ್ರೈವರ್ ಕಣೇ."

"ಒಂದಾದ್ರೇನು, ಹತ್ತಾದ್ರೇನು? ವರ್ಷಪೂರ್ತಿ ಅನ್ನ ಹಾಕೋದು ಅದು. ಇವತ್ತೊಂದಿನ ಕೂತ್ಕೊಳ್ಳೋಕೆ ಬಿಡ್ರೀ."

ಸಾಬರ ಅಂಗಡಿಗೆ ಓಡಿದೆ. ಅವರಿಗೇನು ಆಯುಧಪೂಜೆ ಎಂಬ ಭರವಸೆ. ಹೋಗಿ ನೋಡಿದರೆ ಸ್ಪ್ಯಾನರುಗಳೆಲ್ಲ ವಿಭೂತಿ ಬಳಿದುಕೊಂಡು ಸಾಲಾಗಿ ಮಲಗಿವೆ. "ನನ್ ಕೆಲ್ಸಗಾರ್ರು ಬೆಳಗ್ಗೇನೇ ಎಲ್ಲಾದಕ್ಕೂ ಪೂಜೆ ಮಾಡ್ಬುಟ್ಟು ಹೋಗವ್ರೆ ಭಾಯ್" ಎಂದು ಬಾಬಾಜಾನ್ ಸಾಬರು ಕೈ ಚೆಲ್ಲಿದರು. "ನಾನು ಇದ್ರಾಗೆ ಒಂದು ಎತ್ತಿದ್ರೆ ನಾಳೆ ಒಬ್ಬನೂ ಅಂಗಡಿ ಮೆಟ್ಲು ಹತ್ತಲ್ಲ. ಬೇಕಿದ್ರೆ ಪೆಟ್ರೋಲ್ ಕೊಡ್ತೀನಿ. ಅದಕ್ಕೆ ಕುಂಕುಮ ಇಟ್ಟಿಲ್ಲ." ಒಂದು ಬಾಟಲಿಯಲ್ಲಿ ಪೆಟ್ರೋಲು, ಹಿತ್ತಿಲಿನಿಂದ ಒಂದು ಕೋಳಿಗರಿ ಕೊಟ್ಟರು.

ಅಂಗಡಿಗೆ ಮರಳಿ, ಉಗುರಿನಿಂದ ಸ್ಕ್ರೂ ತಿರುಗಿಸಲು ಒದ್ದಾಡಿ ರಕ್ತ ಬರಿಸಿಕೊಂಡೆ. ಶಾರದ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಡಿಯಿಂದ ಒಂದು ಹೇರ್‌ಪಿನ್ನು ಕಿತ್ತು ನನ್ನ ಮುಂದೆ ಹಾಕಿದಳು. "ತಗೊಳ್ಳಿ. ಇದಕ್ಕೇನು ನಾನು ಅರಿಶಿನ ಇಟ್ಟಿಲ್ಲ."

ಹೇರ್‌ಪಿನ್ನನ್ನು ಕಲ್ಲಿನ ಮೇಲೆ ಉಜ್ಜಿ ಚಪ್ಪಟೆ ಮಾಡಿ ಸ್ಕ್ರೂ ಬಿಚ್ಚಿದೆ. ಪೆಟ್ರೋಲಿನಲ್ಲಿ ಗರಿ ಅದ್ದಿ ಅದ್ದಿ ಬೋರ್ಡು ತೊಳೆದೆ. ಬಿಸಿಲಿಗೆ ಹಿಡಿದು ಒಣಗಿಸಿ ಮತ್ತೆ ಮುಚ್ಚಿ ಗುಂಡಿ ಒತ್ತಿದೆ. ಒತ್ತಿದಾಗ ಓಡಿತು, ಬಿಟ್ಟಾಗ ನಿಂತಿತು. ಆದರೆ ಎಷ್ಟು ಹೊತ್ತು? ಸಂದಿಯಲ್ಲಿ ಒಂದು ಚಿಟಿಕೆ ಪುಡಿ ಉಳಿದಿದ್ದರೂ ಸಾಕು. ಇಂಥದಕ್ಕೆ ಗ್ಯಾರಂಟಿ ಅಂದುಬಿಟ್ಟಿದ್ದೆ.

ಬಾಳೆಕಂದು ಕಟ್ಟಿಕೊಂಡ ಬಸ್ಸು ಹಳ್ಳಿಗೊಂದು ಕಡೆ ಕುಂಬಳಕಾಯಿ ಒಡೆಸಿಕೊಂಡು ತೆವಳಿತು. ತೊಡೆಯ ಮೇಲೆ ಗೋಣಿಯಲ್ಲಿ ಟ್ಯಾಂಕು ಇಟ್ಟುಕೊಂಡು, ಪ್ರತಿ ಕುಲುಕಿಗೂ ನಾನೇ ಗುಂಡಿಗೆ ಬಿದ್ದಂತೆ ಹಲ್ಲು ಕಚ್ಚುತ್ತಿದ್ದೆ. ಪಕ್ಕದ ಹೆಂಗಸು "ಏನಣ್ಣ, ಹುಂಜವಾ? ಅಂಗೆ ಅವುಚ್ಕಂಡಿದ್ದೀಯ" ಅಂದಳು. "ಹೂಂ ಕಣಮ್ಮ, ಕಚ್ಚೋ ಹುಂಜ" ಅಂದೆ.

ಬರಗೂರು ಮುಟ್ಟಿದಾಗ ಬಿಸಿಲು ಹಳದಿಯಾಗಿತ್ತು. ಈರಜ್ಜ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ಬಟ್ಟೆಯ ಗಂಟು ಆಗಲೇ ಸಿದ್ಧವಾಗಿತ್ತು. ಚಿಕ್ಕಣ್ಣನ ಹೆಂಡತಿ ಕರಿಯಮ್ಮ ನನ್ನನ್ನು ಕಂಡು ಕಣ್ಣಲ್ಲೇ ಕೈಮುಗಿದಳು.

"ಮಾವ, ಶಿರಾದ ರೇಡಿಯೋ ಅಂಗ್ಡಿ ರಂಗಣ್ಣ ಬಂದವ್ರೆ."

"ರೇಡಿಯೋ ಯಾರ್ಗವ್ವ?" ಎಂದ ಮುದುಕ. "ಕಿವುಡ್ನ ವೇಸ ಹಾಕ್ಕಂಡವ್ನಲ್ಲ, ಅವನ್ಗಾ?"

ನಾನು ಟ್ಯಾಂಕನ್ನು ಅವನ ಮಡಿಲಲ್ಲಿಟ್ಟೆ. ಬೆರಳುಗಳು ಕುರಿಮರಿಯ ಮೈಮೇಲೆ ಆಡಿದಂತೆ ಆಡಿದವು. "ಇದು ಕೆರೆ ಗೋಡು. ಇಲ್ಲಿ ಏಟು ಬಿದ್ದೈತೆ. ಇಲ್ಲಿ ಯಾಕಪ್ಪ ಇಂಗೆ ಸವ್ದೈತೆ?"

"ನಿನ್ ಮಗ ಹತ್ತಿ ಇಳಿದ ಜಾಗ ಅಜ್ಜ. ಅವನು ಓಡಿಸಿದ ಗಾಡಿ ಹಿಂಗೇ ಇತ್ತು. ಇದ್ರ ಸದ್ದಿಗೇ ಅವನ ಕಿವಿ ಹೋದದ್ದು."

"ಓಡ್ಸು, ನೋಡಾನ."

ಜಗಲಿಯ ಮೇಲೆ ಓಡಿಸಿದೆ. ಟ್ಯಾಂಕು ಗ್ರೀಸಿನ ಮೇಲೆ ನುಣ್ಣಗೆ ಜಾರಿಕೊಂಡು ಹೋಯಿತು, ಸೆಗಣಿ ಸಾರಿಸಿದ ನೆಲದ ಮೇಲೆ ತಗಡೂ ಉಲಿಯಲಿಲ್ಲ. ಮುದುಕ ಕಿವಿಗೊಟ್ಟು ಕೇಳಿ ನಕ್ಕುಬಿಟ್ಟ. ಒಳ್ಳೆಯ ನಗು ಅಲ್ಲ. "ಬೆಕ್ಕು ನಡ್ದಂಗೆ ನಡೀತೈತೆ. ಇದ್ರಾಗೆ ಕುಂತ್ರೆ ಕಿವಿ ಓಯ್ತದಾ? ನಿದ್ದೆ ಬತ್ತದೆ. ಎತ್ಕಂಡ್ ಓಗಪ್ಪ."

ನಾನು ಜಾಣತನದಿಂದ ತುಂಬಿದ ಗ್ರೀಸೇ ಎದುರು ನಿಂತಿತ್ತು. ಚಿಕ್ಕಣ್ಣ ಅಪ್ಪನ ತುಟಿ ನೋಡಿದ; ನಗುವಿಗೆ ಕುಣಿದ ಮೀಸೆಯೊಳಗೆ ಮಾತೇನೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದ. ನಾನು ಕಿವಿ ಮುಟ್ಟಿ, ಇಲ್ಲ ಎಂದು ಕೈಯಾಡಿಸಿದೆ. ಅವನಿಗೆ ಅರ್ಥವಾಯಿತು. ದೊಡ್ಡಿಯ ಕಡೆ ಹೋಗಿ, ಕುರಿಗೆ ನೀರು ತುಂಬುವ ತಗಡಿನ ಡ್ರಮ್ಮನ್ನು ಬೋರಲು ಹಾಕಿ ಖಾಲಿ ಮಾಡಿ, ಉರುಳಿಸಿಕೊಂಡು ಬಂದು ಅಡ್ಡ ಮಲಗಿಸಿದ. ಟ್ಯಾಂಕನ್ನು ಅದರ ತಳಕ್ಕೆ ಎದುರಾಗಿ ಒಳಗಿಟ್ಟ. ಆಮೇಲೆ ಅಪ್ಪನ ತೋಳು ಹಿಡಿದು ಇಳಿಸಿ, ನೆಲಕ್ಕೆ ಕೂರಿಸಿ, ತಲೆಯನ್ನು ಮೆಲ್ಲಗೆ ಡ್ರಮ್ಮಿನ ಬಾಯೊಳಕ್ಕೆ ಬಾಗಿಸಿದ.

"ಏನ್ಲಾ ಮಾಡ್ತಿದ್ದೀಯ, ಬುಡ್ಲಾ!" ಎಂದ ಮುದುಕ. ಬಿಡು ಎಂಬುದು ಕೇಳಿಸುವ ಕಿವಿ ಅಲ್ಲಿರಲಿಲ್ಲ.

ನಾನು ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕಪ್ಪುಪುಡಿಯೇ? ಸೆಲ್ಲೇ? ಬೆವರು ಕಣ್ಣಿಗಿಳಿಯಿತು. ಆಮೇಲೆ ನನ್ನ ಕಸುಬು ನೆನಪಾಯಿತು. ಸುತ್ತಲೂ ತಗಡಿದ್ದರೆ ಅಲೆ ಒಳಗೆ ಹೋಗುವುದು ಹೇಗೆ? ಕೈ ತೂರಿಸಿ ಟ್ಯಾಂಕಿನ ಏರಿಯಲ್ ತಂತಿಯ ಸುರುಳಿ ಬಿಚ್ಚಿ ಡ್ರಮ್ಮಿನಾಚೆಗೆ ಎಳೆದೆ. ಒತ್ತಿದೆ.

ತಗಡಿನ ಮೇಲೆ ತಗಡು. ಡ್ರಮ್ಮಿನ ಒಂದೊಂದು ಮಡಿಕೆಗೂ ಪಟ್ಟಿಗಳು ಬಡಿದು, ತಳಕ್ಕೆ ಗುದ್ದಿ, ಮುಂದೆ ಹೋಗಲಾರದೆ ಕೆರೆಯುತ್ತ ಎದ್ದ ಆ ಆರ್ಭಟಕ್ಕೆ ದೊಡ್ಡಿಯ ಕುರಿಗಳು ಬೇಲಿಗೆ ನುಗ್ಗಿದವು, ನಾಯಿ ಬಾಲ ಮಡಚಿ ಓಡಿತು. ಹೊರಗೆ ನಿಂತ ನಾನೇ ಹಲ್ಲು ಕಚ್ಚಿದೆ. ಚಿಕ್ಕಣ್ಣನಿಗೆ ಅದೇನೂ ಇಲ್ಲ. ಡ್ರಮ್ಮಿನ ಮೇಲೆ ಅಂಗೈ ಊರಿ, ಅದರ ನಡುಕದಿಂದಲೇ ಸದ್ದನ್ನು ಅಳೆಯುತ್ತಿದ್ದ.

"ತೆಗೀರ್ಲಾ! ತೆಗೀರಿ, ತಲೆ ಸಿಡೀತದೆ!"

ನಿಲ್ಲಿಸಿದೆ. ಈರಜ್ಜ ತಲೆ ಈಚೆ ತೆಗೆದು ಎರಡೂ ಕಿವಿ ಮುಚ್ಚಿಕೊಂಡು ಕೂತ. ಕುರಿಗಳ ಗದ್ದಲ ಅಡಗಿತು.

"ಇದು ಮೊಳ ಐತೆ" ಎಂದ ಕೊನೆಗೆ. "ದಿಟವಾದ್ದು ಏಟುದ್ದ?"

"ನಿಮ್ಮ ಮನೆಯಷ್ಟು ಅಜ್ಜ. ಅಷ್ಟೂ ಕಬ್ಬಿಣ."

"ಅದ್ರೊಳೀಕೆ ಕುಂತು, ಬಾಗ್ಲು ಹಾಕ್ಕಂತಿದ್ರಾ?"

"ಹಾಕ್ಕೋತಿದ್ರು. ಮೇಲೆ ತೋಪು ಬೇರೆ ಹೊಡೀತಿತ್ತು. ವರ್ಷಾನುಗಟ್ಟಲೆ."

ಮುದುಕ ಗಾಳಿಯಲ್ಲಿ ಕೈಯಾಡಿಸಿದ. ಚಿಕ್ಕಣ್ಣ ಮಂಡಿಯೂರಿ ಎದುರಿಗೆ ಬಂದ. ಆ ಕೈಗಳು ಮಗನ ಭುಜ, ಕುತ್ತಿಗೆ, ಗಡ್ಡ ಹಾದು ಎರಡು ಕಿವಿಗಳ ಮೇಲೆ ಬಂದು ನಿಂತವು.

"ಅವತ್ತು ದೊಡ್ಡೀಲಿ ಬಿದ್ದಾಗ ಕೂಗಿದ್ನಲ್ಲೋ ಮಗ. ಕೇಳ್ಸ್ಲೇ ಇಲ್ವಾ?"

"ಏನಂತಾನೆ?" ಎಂದು ಚಿಕ್ಕಣ್ಣ ನನ್ನ ಕಡೆ ನೋಡಿ ಊರಿಗೆಲ್ಲ ಕೇಳುವಂತೆ ಕೇಳಿದ.

ಮಾತನ್ನೇ ಮಾರಿ ಬದುಕಿದ ನಾನು, ಸದ್ದಿಲ್ಲದೆ ಬರೀ ತುಟಿಯಲ್ಲಿ ಅಪ್ಪನ ಪ್ರಶ್ನೆಯನ್ನು ಅವನಿಗೆ ದಾಟಿಸಿದೆ. ಚಿಕ್ಕಣ್ಣ ಇಲ್ಲ ಎಂದು ತಲೆ ಅಲ್ಲಾಡಿಸಿದ. ಕಿವಿಗಳ ಮೇಲಿದ್ದ ಅಪ್ಪನ ಕೈಗಳು ಆ ತಲೆಯ ಜೊತೆಗೇ ಅತ್ತಿತ್ತ ಆಡಿದವು.

ಕರಿಯಮ್ಮ ಒಳಗಿನಿಂದ ಬಂದು, ಯಾರನ್ನೂ ಕೇಳದೆ, ಜಗಲಿಯ ಮೇಲಿದ್ದ ಬಟ್ಟೆಯ ಗಂಟನ್ನು ಎತ್ತಿಕೊಂಡು ಹೋಗಿ ಬಿಚ್ಚಿ ಹಾಕಿದಳು.

ಮಾತಾದ ಕಂಬಳಿ ಇಸಿದುಕೊಳ್ಳಲು ನಾನು ಮತ್ತೆ ಬರಗೂರಿಗೆ ಹೋದದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಈರಜ್ಜ ಜಗಲಿಯ ಮೇಲೆ ಕೂತಿದ್ದ. ಕುರಿಯ ಉಣ್ಣೆಯಿಂದ ಹೊಸೆದ ಒಂದು ಉದ್ದನೆಯ ಹುರಿ ಅವನ ಕೈಯಿಂದ ಹೊರಟು ಅಂಗಳ ದಾಟಿ, ಬೇಲಿಯ ಬಳಿ ನಮಗೆ ಬೆನ್ನು ಮಾಡಿ ಕೂತು ಬೀಡಿ ಸೇದುತ್ತಿದ್ದ ಚಿಕ್ಕಣ್ಣನ ಮಣಿಕಟ್ಟಿಗೆ ಸೇರಿತ್ತು.

"ಇದೇನಜ್ಜ, ಮಗನ್ನ ಕಟ್ಟಿ ಹಾಕಿದ್ದೀಯ?"

"ಕೂಗಾಕೆ ಕಣಪ್ಪ. ಒಂದ್ ಕಿತ ಜಗ್ಗಿದ್ರೆ ನೀರು. ಎರಡ್ ಕಿತ ಜಗ್ಗಿದ್ರೆ ಬಯಲ್ಕಡೆ ಕರ್ಕಂಡ್ ಓಗು ಅಂತ."

ಅಷ್ಟರಲ್ಲಿ ಹುರಿ ಮೆಲ್ಲಗೆ ಬಿಗಿಯಾಯಿತು. ಜಗ್ಗಿದ್ದು ಮುದುಕನಲ್ಲ, ಆ ಕಡೆಯಿಂದ ಬಂದದ್ದು. ಚಿಕ್ಕಣ್ಣ ತಿರುಗಿಯೂ ನೋಡಿರಲಿಲ್ಲ.

"ಅವನು ಯಾಕೆ ಜಗ್ತಾನೆ?"

"ಸುಮ್ಕೆ" ಎಂದು ಈರಜ್ಜ ಹುರಿಯನ್ನು ಬೆರಳಿಗೆ ಸುತ್ತಿಕೊಂಡು ತಾನೂ ಒಂದು ಸಲ ಜಗ್ಗಿದ. "ಇದ್ದೀನಾ ಅಂತ ಕೇಳ್ತಾನೆ. ಇದ್ದೀನಿ ಅಂತ ಹೇಳ್ತೀನಿ."